ಮನೆಯಲ್ಲೇ ಬಬಲ್ ಟೀ: ಕಪ್ಪು ಮುತ್ತಿನೊಳಗೆ ಏನಿದೆ, ಮಾಡುವುದು ಹೇಗೆ, ಎಚ್ಚರ ಎಲ್ಲಿ?

ತಣ್ಣನೆಯ ಹಾಲಿನ ಚಹಾ, ತಳದಲ್ಲಿ ಕಪ್ಪು ಗೋಲಿಗಳು, ಹೆಬ್ಬೆರಳು ಗಾತ್ರದ ಸ್ಟ್ರಾ. ಬಬಲ್ ಟೀ ಇಂದು ಮಾಲ್‌ಗಳಲ್ಲಿ, ಕಾಲೇಜುಗಳ ಸುತ್ತಮುತ್ತ ಕಾಣಸಿಗುವ ಪಾನೀಯ. ಅದರ ಜೊತೆಗೇ ಕೆಲವು ಮಾತುಗಳೂ ಹರಡಿವೆ. ಆ ಗೋಲಿಗಳು ಪ್ಲಾಸ್ಟಿಕ್ ಅಂತೆ, ಹೊಟ್ಟೆಯಲ್ಲಿ ಕರಗುವುದೇ ಇಲ್ಲವಂತೆ, ಹಿತ್ತಿಲಿನ ಮರಗೆಣಸು ತುರಿದು ಉಂಡೆ ಕಟ್ಟಿದರೂ ಆಗುತ್ತದಂತೆ. ಇವುಗಳಲ್ಲಿ ಯಾವುದು ನಿಜ?

ಚಿಕ್ಕ ಉತ್ತರ: ಆ ಗೋಲಿ ಮರಗೆಣಸಿನ ಪಿಷ್ಟದ ಉಂಡೆ. ಸಾಬಕ್ಕಿ ಪಾಯಸ ತಿಂದವರೆಲ್ಲ ಅದರ ಹತ್ತಿರದ ಸಂಬಂಧಿಯನ್ನು ತಿಂದಿದ್ದಾರೆ. ಮನೆಯಲ್ಲಿ ಮಾಡುವುದು ಕಷ್ಟವಲ್ಲ. ಆದರೆ ಹಸಿ ಮರಗೆಣಸಿನ ವಿಷಯದಲ್ಲಿ ಮತ್ತು ಚಿಕ್ಕ ಮಕ್ಕಳ ಗಂಟಲಿನ ವಿಷಯದಲ್ಲಿ ನಿರ್ಲಕ್ಷ್ಯ ಸಲ್ಲದು.

ಬಬಲ್ ಎಂದರೆ ಗೋಲಿಯೇ?

ಹೆಚ್ಚಿನವರು ಹಾಗೆಂದುಕೊಂಡಿದ್ದಾರೆ. ಮೂಲದಲ್ಲಿ ಈ ಹೆಸರು ಬಂದದ್ದು ನೊರೆಯಿಂದ. ಐಸ್ ಹಾಕಿ ಚಹಾವನ್ನು ಚೆನ್ನಾಗಿ ಕುಲುಕಿದಾಗ ಮೇಲೆ ಏಳುವ ಗುಳ್ಳೆಗಳೇ ಬಬಲ್. ಗೋಲಿ ಹಾಕುವ ರೂಢಿ 1980ರ ದಶಕದಲ್ಲಿ ತೈವಾನ್‌ನಲ್ಲಿ ಶುರುವಾಯಿತು. ಗೋಲಿಗಳಿಗೆ ಅಲ್ಲಿನ ಭಾಷೆಯಲ್ಲಿ ‘ಮುತ್ತು’ ಎಂದೇ ಹೆಸರು. ಇದನ್ನು ಮೊದಲು ಮಾಡಿದ್ದು ತಾವೇ ಎಂದು ತೈಚುಂಗ್ ನಗರದ ಚುನ್ ಶುಯಿ ತಾಂಗ್ ಮತ್ತು ತೈನಾನ್ ನಗರದ ಹಾನ್‌ಲಿನ್ ಎಂಬ ಎರಡು ಚಹಾ ಅಂಗಡಿಗಳು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಹೋರಾಡಿದವು. ಇದು ಯಾರು ಬೇಕಾದರೂ ಮಾಡಬಹುದಾದ ಪಾನೀಯ, ಮೊದಲಿಗರು ಯಾರೆಂದು ತೀರ್ಮಾನಿಸುವ ಅಗತ್ಯವಿಲ್ಲ ಎಂದು 2019ರಲ್ಲಿ ನ್ಯಾಯಾಲಯ ಹೇಳಿತು.

ಮುತ್ತು, ಸಾಬಕ್ಕಿ, ಕೂವೆ ಹುಡಿ

ಮಿಜಾರು, ಮೂಡುಬಿದಿರೆ ಕಡೆಯ ಹಿತ್ತಿಲುಗಳಲ್ಲಿ ಮರಗೆಣಸು ಹೊಸತಲ್ಲ. ತುಳುವಿನಲ್ಲಿ ಅದು ಮರಕೆರೆಂಗ್. ಆದರೆ ಗಿಡದ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಮೂಲಕ ಅದು ಭಾರತಕ್ಕೆ ಬಂತು. 1880ರ ದಶಕದಲ್ಲಿ ತಿರುವಾಂಕೂರಿನ ರಾಜ ವಿಶಾಖಂ ತಿರುನಾಳ್ ಅದನ್ನು ಬಡವರ ಆಹಾರವಾಗಿ ಬೆಳೆಯಲು ಪ್ರೋತ್ಸಾಹಿಸಿದರು.

ಗೆಣಸಿನಿಂದ ಪಿಷ್ಟ ತೆಗೆಯುವ ಕ್ರಮ ಕರಾವಳಿಯವರಿಗೆ ಪರಿಚಿತವೇ. ಕೂವೆ ಗೆಣಸನ್ನು ತುರಿದು, ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ತಳದಲ್ಲಿ ನಿಂತ ಬಿಳಿ ಹುಡಿಯನ್ನು ಮತ್ತೆ ಮತ್ತೆ ತೊಳೆದು ಒಣಗಿಸಿದರೆ ಕೂವೆ ಹುಡಿ. ಮರಗೆಣಸಿಗೂ ಇದೇ ದಾರಿ. ಒದ್ದೆ ಪಿಷ್ಟವನ್ನು ಕುಲುಕಿ ಹರಳು ಮಾಡಿ, ಬಿಸಿ ಹಂಚಿನಲ್ಲಿ ಹುರಿದು ಒಣಗಿಸಿದರೆ ಸಾಬಕ್ಕಿ. ನಮ್ಮ ಅಂಗಡಿಗಳಿಗೆ ಬರುವ ಸಾಬಕ್ಕಿಯ ದೊಡ್ಡ ಕೇಂದ್ರ ತಮಿಳುನಾಡಿನ ಸೇಲಂ. ಹಾಗಾಗಿ ಸಾಬಕ್ಕಿ ಅಕ್ಕಿಯೂ ಅಲ್ಲ, ಯಾವುದೇ ಗಿಡದ ಬೀಜವೂ ಅಲ್ಲ. ಅದೇ ಪಿಷ್ಟಕ್ಕೆ ಬೆಲ್ಲ ಸೇರಿಸಿ ದೊಡ್ಡ ಉಂಡೆ ಕಟ್ಟಿದರೆ ಬಬಲ್ ಟೀಯ ಮುತ್ತು.

ನಾಲ್ಕು ಲೋಟಕ್ಕೆ ಬೇಕಾಗುವುದು

- ಮುತ್ತಿಗೆ: ಟ್ಯಾಪಿಯೋಕ ಸ್ಟಾರ್ಚ್ 100 ಗ್ರಾಂ, ಬೆಲ್ಲ 50 ಗ್ರಾಂ, ನೀರು 60 ಮಿ.ಲೀ.
- ಪಾಕಕ್ಕೆ: ಬೆಲ್ಲ 60 ಗ್ರಾಂ, ನೀರು 60 ಮಿ.ಲೀ.
- ಚಹಾಕ್ಕೆ: ಚಹಾಪುಡಿ 4 ಚಮಚ, ನೀರು 500 ಮಿ.ಲೀ., ಕಾಯಿಸಿ ಆರಿಸಿದ ಹಾಲು 400 ಮಿ.ಲೀ., ಐಸ್

ಕೊಳ್ಳುವಾಗ ಪೊಟ್ಟಣದ ಮೇಲೆ ‘ಸ್ಟಾರ್ಚ್’ ಎಂದು ಇದೆಯೇ ನೋಡಿ. ಗೆಣಸನ್ನು ಇಡಿಯಾಗಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ನಾರು ಇರುತ್ತದೆ, ಮುತ್ತು ಜಿಗುಟಾಗಿ ಕೂಡಿಕೊಳ್ಳುವುದಿಲ್ಲ.

ಮಾಡುವ ಕ್ರಮ

1. ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಮರಳು-ಕಸ ಹೋಗುವಂತೆ ಸೋಸಿ, ಮತ್ತೆ ಒಲೆಯ ಮೇಲಿಟ್ಟು ಚೆನ್ನಾಗಿ ಕುದಿಸಿ.
2. ಒಲೆ ಆರಿಸಿ, ಕೂಡಲೇ ಪಿಷ್ಟದ ಮೂರರಲ್ಲಿ ಒಂದು ಪಾಲು ಹಾಕಿ ಕಲಸಿ. ಅದು ಅಂಟಿನಂತೆ ದಪ್ಪಗಾಗುತ್ತದೆ. ಆಮೇಲೆ ಉಳಿದ ಪಿಷ್ಟ ಹಾಕಿ.
3. ಕೈ ತಾಗಿಸುವಷ್ಟು ಆರಿದಾಗ, ಚಪಾತಿ ಹಿಟ್ಟಿನಂತೆ ನಯವಾಗುವವರೆಗೆ ನಾದಿ. ತೀರಾ ಒಣಗಿದ್ದರೆ ಬಿಸಿನೀರನ್ನು ಅರ್ಧ ಚಮಚದ ಲೆಕ್ಕದಲ್ಲಿ ಸೇರಿಸಿ.
4. ಬತ್ತಿಯಂತೆ ಹೊಸೆದು, ಚಿಕ್ಕ ತುಂಡು ಮಾಡಿ, ಕಡಲೆಕಾಳಿಗಿಂತ ದೊಡ್ಡದಾಗದಂತೆ ಉಂಡೆ ಕಟ್ಟಿ. ಬೆಂದಾಗ ಅದು ಇನ್ನೂ ಉಬ್ಬುತ್ತದೆ. ಅಂಟದಂತೆ ಮೇಲೆ ಒಣ ಪಿಷ್ಟ ಉದುರಿಸಿ.
5. ಒಂದೂವರೆ ಲೀಟರ್ ನೀರು ಮರಳುವಾಗ ಉಂಡೆಗಳನ್ನು ಹಾಕಿ. ತೇಲಿ ಬಂದ ಮೇಲೆ ಉರಿ ತಗ್ಗಿಸಿ 20ರಿಂದ 25 ನಿಮಿಷ ಬೇಯಿಸಿ. ನಡುನಡುವೆ ಸೌಟಾಡಿಸಿ.
6. ಒಲೆ ಆರಿಸಿ, ಮುಚ್ಚಿ 20 ನಿಮಿಷ ಬಿಡಿ. ಒಂದನ್ನು ಕತ್ತರಿಸಿ ನೋಡಿ. ನಡುವೆ ಬಿಳಿ ಚುಕ್ಕೆ ಇದ್ದರೆ ಇನ್ನೂ ಬೆಂದಿಲ್ಲ.
7. ಸೋಸಿ, ತಣ್ಣೀರಿನಲ್ಲಿ ಒಮ್ಮೆ ಜಾಲಾಡಿ, ದಪ್ಪಗೆ ಕುದಿಸಿದ ಬೆಲ್ಲದ ಪಾಕದಲ್ಲಿ ಹಾಕಿಡಿ.
8. ಚಹಾವನ್ನು 4 ನಿಮಿಷ ಕುದಿಸಿ ಸೋಸಿ ತಣಿಸಿ. ಐಸ್ ಕರಗಿ ನೀರಾಗುವುದರಿಂದ ಚಹಾ ಮಾಮೂಲಿಗಿಂತ ಕಡುಪಾಗಿರಬೇಕು. ಲೋಟದ ತಳಕ್ಕೆ ಮುತ್ತು ಮತ್ತು ಪಾಕ, ಮೇಲೆ ಐಸ್, ತಣ್ಣನೆಯ ಹಾಲು, ಚಹಾ.

ಸ್ಟಾರ್ಚ್ ಸಿಗದಿದ್ದರೆ ದೊಡ್ಡ ಸಾಬಕ್ಕಿಯನ್ನು ಧಾರಾಳ ನೀರಿನಲ್ಲಿ ಪಾರದರ್ಶಕವಾಗುವವರೆಗೆ ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಪಾಕದಲ್ಲಿ ಹಾಕಿ. ಜಗಿಯುವ ಗುಣ ಕಡಿಮೆ, ರುಚಿಗೆ ಕೊರತೆಯಿಲ್ಲ.

ಕುದಿಯುವ ನೀರೇ ಏಕೆ?

ಪಿಷ್ಟದ ಕಣ ತಣ್ಣೀರಿನಲ್ಲಿ ಕರಗುವುದಿಲ್ಲ, ಬರೀ ತಳಕ್ಕೆ ಕೂರುತ್ತದೆ. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಣ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಎರಡನೇ ಹಂತದಲ್ಲಿ ಸ್ವಲ್ಪ ಪಿಷ್ಟ ಹೀಗೆ ಅಂಟಾಗಿ ಉಳಿದ ಒಣ ಪಿಷ್ಟವನ್ನು ಹಿಡಿದಿಡುತ್ತದೆ. ಪಾಕ ಆರಿದ ಮೇಲೆ ಪಿಷ್ಟ ಹಾಕಿದರೆ ಈ ಅಂಟು ಹುಟ್ಟುವುದಿಲ್ಲ. ಆಗ ಹಿಟ್ಟು ಒತ್ತಿದರೆ ಗಟ್ಟಿ, ಬಿಟ್ಟರೆ ನೀರಿನಂತೆ ಹರಿಯುತ್ತದೆ, ಉಂಡೆ ನಿಲ್ಲುವುದಿಲ್ಲ.

ಫ್ರಿಜ್‌ನಲ್ಲಿಟ್ಟ ಮುತ್ತು ಗಟ್ಟಿಯಾಗುವುದಕ್ಕೂ ಕಾರಣ ಪಿಷ್ಟವೇ. ತಣಿದಂತೆ ಅದರ ಉದ್ದನೆಯ ಸರಪಳಿಗಳು ಮತ್ತೆ ಒತ್ತೊತ್ತಾಗಿ ಸೇರಿ ನೀರನ್ನು ಹೊರದೂಡುತ್ತವೆ. ನಿನ್ನೆಯ ಅನ್ನ ಫ್ರಿಜ್‌ನಲ್ಲಿ ಬಿರುಸಾಗುವುದೂ ಹೀಗೆಯೇ. ಆದ್ದರಿಂದ ಬೇಯಿಸಿದ ಮುತ್ತನ್ನು ನಾಲ್ಕೈದು ಗಂಟೆಯೊಳಗೆ ಮುಗಿಸಿ. ನಾಳೆಗೆ ಬೇಕಿದ್ದರೆ ಹಸಿ ಉಂಡೆಗಳನ್ನೇ ಫ್ರೀಜರ್‌ನಲ್ಲಿಟ್ಟು, ಬೇಕಾದಾಗ ನೇರವಾಗಿ ಕುದಿನೀರಿಗೆ ಹಾಕಿ.

ಬೆಲ್ಲ ಹಾಕಿದರೆ ಹಾಲು ಒಡೆಯುವುದಿಲ್ಲವೇ?

ಬಿಸಿ ಹಾಲಿಗೆ ಹಾಕಿದರೆ ಒಡೆಯಬಹುದು. ಬೆಲ್ಲದಲ್ಲಿ ಸ್ವಲ್ಪ ಹುಳಿಯೂ ಲವಣಗಳೂ ಇರುತ್ತವೆ. ಬಿಸಿಯಲ್ಲಿ ಅವು ಹಾಲಿನ ಪ್ರೋಟೀನನ್ನು ಗಡ್ಡೆಗಟ್ಟಿಸುತ್ತವೆ. ಎಲ್ಲವನ್ನೂ ತಣಿಸಿ ಬೆರೆಸಿದರೆ ಈ ತೊಂದರೆ ಇಲ್ಲ. ಬೆಲ್ಲದ ಪಾಯಸಕ್ಕೆ ಬಳಸುವ ತೆಂಗಿನಹಾಲು ಇಲ್ಲೂ ಚೆನ್ನಾಗಿ ಹೊಂದುತ್ತದೆ. ತಾಳೆಯ ಓಲೆ ಬೆಲ್ಲ ಸಿಕ್ಕರೆ ಬಣ್ಣವೂ ಪರಿಮಳವೂ ಇನ್ನೂ ಗಾಢ.

ಹಿತ್ತಿಲಿನ ಮರಗೆಣಸು ಬಳಸಬಹುದೇ?

ಹಸಿ ಮರಗೆಣಸಿನಲ್ಲಿ ಲಿನಾಮರಿನ್ ಎಂಬ ವಸ್ತು ಇದೆ. ಗೆಣಸು ಜಜ್ಜಿದಾಗ ಅಥವಾ ತುರಿದಾಗ ಅದರಲ್ಲೇ ಇರುವ ಕಿಣ್ವದ ಜೊತೆ ಸೇರಿ ಕೊನೆಗೆ ಸಯನೈಡ್ ಬಿಡುಗಡೆಯಾಗುತ್ತದೆ. ಕಹಿ ತಳಿಗಳಲ್ಲಿ ಇದರ ಪ್ರಮಾಣ ಹೆಚ್ಚು. ಸಿಪ್ಪೆಯಲ್ಲಿ, ಎಲೆಯಲ್ಲಿ ಇನ್ನೂ ಹೆಚ್ಚು. ದನಗಳಿಗೆ ಹಸಿ ಎಲೆ ಹಾಕಬಾರದು ಎನ್ನುವುದು ಇದಕ್ಕೇ. ತಿನ್ನುವ ಮರಗೆಣಸಿನ ಹಿಟ್ಟಿನಲ್ಲಿ ಕಿಲೋಗೆ 10 ಮಿಲಿಗ್ರಾಂಗಿಂತ ಹೆಚ್ಚು ಸಯನೈಡ್ ಇರಬಾರದು ಎಂಬುದು ಅಂತರರಾಷ್ಟ್ರೀಯ ಆಹಾರ ಮಾನದಂಡ.

ಆದ್ದರಿಂದ ಹಸಿ ಗೆಣಸು ತುರಿದು ನೇರವಾಗಿ ಉಂಡೆ ಕಟ್ಟಬೇಡಿ. ಪಿಷ್ಟ ತೆಗೆಯುವುದೇ ಆದರೆ ಮನೆಯಲ್ಲಿ ತಿಂದು ಗೊತ್ತಿರುವ, ಕಹಿಯಿಲ್ಲದ ತಳಿಯ ತಾಜಾ ಗೆಣಸು ಆರಿಸಿ. ಸಿಪ್ಪೆಯನ್ನು ಒಳಪದರದ ಸಮೇತ ದಪ್ಪಗೆ ತೆಗೆದು ತುರಿಯಿರಿ. ನೀರಿನಲ್ಲಿ ಕಿವುಚಿ ಸೋಸಿ, ಪಿಷ್ಟ ತಳಕ್ಕೆ ನಿಂತ ಮೇಲೆ ನೀರು ಚೆಲ್ಲಿ. ಹೊಸ ನೀರಿನಲ್ಲಿ ಕನಿಷ್ಠ ಮೂರು ಬಾರಿ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಿ. ಲಿನಾಮರಿನ್ ನೀರಿನಲ್ಲಿ ಕರಗಿ ಹೋಗುತ್ತದೆ. ಬಿಡುಗಡೆಯಾದ ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿಯಲ್ಲೇ ಆವಿಯಾಗುವುದರಿಂದ ಒಣಗುವಾಗ ಹಾರಿಹೋಗುತ್ತದೆ. ತೊಳೆದ ನೀರನ್ನು ದನ-ಕೋಳಿ ಕುಡಿಯದ ಕಡೆ ಚೆಲ್ಲಿ. ತಳಿ ಯಾವುದೆಂದು ತಿಳಿಯದಿದ್ದರೆ ಅಂಗಡಿಯ ಸ್ಟಾರ್ಚೇ ವಾಸಿ. ಮರಗೆಣಸು ತಿಂದ ಮೇಲೆ ತಲೆಸುತ್ತು, ವಾಂತಿ, ಉಸಿರಾಟದ ಕಷ್ಟ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಮುತ್ತು ಪ್ಲಾಸ್ಟಿಕ್ಕೇ? ಕರಗುವುದಿಲ್ಲವೇ?

ಹಳೆಯ ಟಯರಿನಿಂದ ಮಾಡುತ್ತಾರೆ ಎಂಬ ಸುದ್ದಿ 2015ರಲ್ಲಿ ಚೀನಾದಿಂದ ಹಬ್ಬಿತ್ತು. ಬಿಳಿ ಸಾಬಕ್ಕಿ ಅಥವಾ ಬೆಲ್ಲ ಹಾಕದ ಪಿಷ್ಟವನ್ನು ಬೇಯಿಸಿ, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣದ ಒಂದು ಹನಿ ಬಿಟ್ಟು ನೋಡಿ. ಕಡುನೀಲಿಯಾದರೆ ಅದು ಪಿಷ್ಟ. ಪ್ಲಾಸ್ಟಿಕ್ ಹೀಗೆ ಬಣ್ಣ ಬದಲಿಸುವುದಿಲ್ಲ. ಪರೀಕ್ಷಿಸಿದ ತುಂಡನ್ನು ಎಸೆಯಿರಿ. ಈ ಪರೀಕ್ಷೆ ಪಿಷ್ಟ ಇದೆ ಎಂದಷ್ಟೇ ಹೇಳುತ್ತದೆ, ಬೇರೇನೂ ಬೆರೆತಿಲ್ಲ ಎಂದಲ್ಲ.

ಜೀರ್ಣದ ವಿಷಯಕ್ಕೆ ಬಂದರೆ, ಬೆಂದ ಪಿಷ್ಟ ಬಾಯಿಯ ಜೊಲ್ಲಿನಿಂದಲೇ ಒಡೆಯಲು ಶುರುವಾಗುತ್ತದೆ. ಆದರೆ ಜಗಿಯದೆ ನುಂಗಿದ ಇಡೀ ಉಂಡೆ ನಿಧಾನವಾಗಿ ಕರಗುತ್ತದೆ, ಅರೆಬೆಂದದ್ದು ಇನ್ನೂ ನಿಧಾನ. ಜಗಿದು ತಿನ್ನಿ. ಮಲಬದ್ಧತೆ ಇರುವವರು ಮಿತಿಯಲ್ಲಿರಲಿ.

ಬೆಲ್ಲ ಆರೋಗ್ಯಕರವಲ್ಲವೇ?

ಮೇಲಿನ ಅಳತೆಯಲ್ಲಿ ಒಂದು ಲೋಟಕ್ಕೆ ಸುಮಾರು 27 ಗ್ರಾಂ ಬೆಲ್ಲ, 25 ಗ್ರಾಂ ಪಿಷ್ಟ ಬೀಳುತ್ತದೆ. ಹಾಲೂ ಸೇರಿ ಸುಮಾರು 250 ಕ್ಯಾಲೊರಿ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸೇರಿಸಿದ ಸಕ್ಕರೆ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಂದರೆ ಒಂದೇ ಲೋಟದಲ್ಲಿ ಆ ಲೆಕ್ಕ ಹೆಚ್ಚುಕಮ್ಮಿ ಮುಗಿಯಿತು. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ರಕ್ತದ ಸಕ್ಕರೆ ಏರುತ್ತದೆ, ಪಿಷ್ಟವೂ ಕೊನೆಗೆ ಗ್ಲೂಕೋಸ್ ಆಗುತ್ತದೆ. ಮಧುಮೇಹ ಇರುವವರಿಗೆ ಇದು ಹೊಂದುವ ಪಾನೀಯವಲ್ಲ.

ಚಿಕ್ಕ ಮಕ್ಕಳಿಗೆ ಬೇಡ

ಮುತ್ತು ನುಣುಪು, ಗುಂಡಗೆ, ಜಗಿಯಲು ಗಟ್ಟಿ. ಸ್ಟ್ರಾದಲ್ಲಿ ಜೋರಾಗಿ ಎಳೆದರೆ ಅದು ಹಲ್ಲಿಗೆ ಸಿಗದೆ ನೇರ ಗಂಟಲಿಗೆ ಹೋಗಬಹುದು. ಗೋಲಿ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ ಎಂದು ಜರ್ಮನಿಯ ಕೇಂದ್ರೀಯ ಅಪಾಯ ಮೌಲ್ಯಮಾಪನ ಸಂಸ್ಥೆ 2012ರಲ್ಲೇ ಎಚ್ಚರಿಸಿತ್ತು. ಅದರಲ್ಲೂ 4 ವರ್ಷದವರೆಗಿನ ಮಕ್ಕಳ ಬಗ್ಗೆ. ಐದು ವರ್ಷದೊಳಗಿನವರಿಗೆ ಮುತ್ತು ಕೊಡಲೇಬೇಡಿ. ದೊಡ್ಡ ಮಕ್ಕಳು ಮತ್ತು ನುಂಗಲು ಕಷ್ಟವಿರುವ ಹಿರಿಯರಿದ್ದರೆ ಉಂಡೆಯನ್ನು ಚಿಕ್ಕದಾಗಿ ಕಟ್ಟಿ, ಸ್ಟ್ರಾ ಬಿಟ್ಟು ಅಗಲ ಬಾಯಿಯ ಲೋಟದಲ್ಲಿ ಚಮಚ ಹಾಕಿ ಕೊಡಿ. ಕುಳಿತು, ನಿಧಾನವಾಗಿ, ಜಗಿದು ತಿನ್ನಲಿ. ಓಡಾಡುತ್ತ, ನಗುತ್ತ ಕುಡಿಯುವ ಪಾನೀಯ ಇದಲ್ಲ.