ಪಾಲಿಬಿಯಸ್ ದಂತಕಥೆ

ಪಾಲಿಬಿಯಸ್ ಎಂಬುದು ಅಮೆರಿಕದ ಆರಿಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರಕ್ಕೆ ತಳುಕು ಹಾಕಿಕೊಂಡಿರುವ, ಕಾಸು ಹಾಕಿ ಆಡುವ ವಿಡಿಯೋ ಗೇಮ್ (ಆರ್ಕೇಡ್) ಯಂತ್ರವೊಂದರ ದಂತಕಥೆ. ಕಥೆಯ ಪ್ರಕಾರ 1981ರಲ್ಲಿ ನಗರದ ಹೊರವಲಯದ ಕೆಲವು ಗೇಮ್ ಪಾರ್ಲರ್‌ಗಳಿಗೆ ಯಾರೂ ಹೆಸರು ಕೇಳಿರದ ಕಂಪನಿಯ ಕಪ್ಪು ಯಂತ್ರವೊಂದು ಬಂತು. ಹುಡುಗರು ಅದಕ್ಕೆ ಅಂಟಿಕೊಂಡರು, ಸರದಿಗಾಗಿ ಕೈಕೈ ಮಿಲಾಯಿಸಿದರು. ಆಡಿದವರಿಗೆ ನಿದ್ದೆ ಕೆಟ್ಟಿತು, ಮರೆವು ಬಂತು, ರಾತ್ರಿ ಬೆಚ್ಚಿ ಕಿರುಚತೊಡಗಿದರು. ಕಪ್ಪು ಸೂಟಿನವರು ಆಗಾಗ ಬಂದು, ಪೆಟ್ಟಿಗೆಯಲ್ಲಿ ಬಿದ್ದ ಕಾಸನ್ನು ಮುಟ್ಟದೆ, ಯಂತ್ರದೊಳಗಿನ ಮಾಹಿತಿಯನ್ನಷ್ಟೇ ತೆಗೆದುಕೊಂಡು ಹೋಗುತ್ತಿದ್ದರು. ತಿಂಗಳು ಕಳೆಯುವಷ್ಟರಲ್ಲಿ ಯಂತ್ರಗಳೆಲ್ಲ ಮಾಯ. ತಯಾರಕರ ಹೆಸರು ಸಿನ್ನೆಸ್‌ಲೋಶೆನ್ ಎಂದೂ ಇದು ಸರ್ಕಾರದ ಮನೋನಿಯಂತ್ರಣ ಪ್ರಯೋಗ ಎಂದೂ ಹೇಳಲಾಗುತ್ತದೆ.

ಇಂಥ ಆಟವೊಂದಿತ್ತು ಎನ್ನಲು ಪುರಾವೆಯಿಲ್ಲ. ಯಂತ್ರವಾಗಲಿ, ಅದರ ಸರ್ಕ್ಯೂಟ್ ಬೋರ್ಡ್ ಆಗಲಿ, ಪ್ರೋಗ್ರಾಂ ತುಂಬಿದ ಚಿಪ್ಪಾಗಲಿ ಎಲ್ಲೂ ಸಿಕ್ಕಿಲ್ಲ. ಎಂಬತ್ತರ ದಶಕದ ಪತ್ರಿಕೆಗಳಲ್ಲಿ ಸುದ್ದಿಯಿಲ್ಲ, ಜಾಹೀರಾತೂ ಇಲ್ಲ. ಹಳೆಯ ಆರ್ಕೇಡ್ ಆಟಗಳ ಪಟ್ಟಿ ಇಟ್ಟಿದ್ದ ಒಂದು ಜಾಲತಾಣದಲ್ಲಿ 2000ದ ಸುಮಾರಿಗೆ ಕಾಣಿಸಿಕೊಂಡ ನಮೂದೇ ಇದರ ಮೂಲ. ಆದರೆ ನಮೂದಿನ ಮೇಲೆ 1998ರ ದಿನಾಂಕವಿತ್ತು. 2003ರಲ್ಲಿ ‘ಗೇಮ್‌ಪ್ರೊ’ ಮಾಸಪತ್ರಿಕೆ, ಇದು ನಿಜವೋ ಸುಳ್ಳೋ ಎಂದು ತೀರ್ಮಾನಿಸದೆ, ಕಥೆಯನ್ನು ಅಚ್ಚು ಹಾಕಿತು. ಅಲ್ಲಿಂದ ಅದು ಎಲ್ಲೆಡೆ ಹಬ್ಬಿತು. ಪಾಲಿಬಿಯಸ್ ಎಂಬುದು ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಇತಿಹಾಸಕಾರನ ಹೆಸರು. ಕಣ್ಣಾರೆ ಕಂಡವರನ್ನು ವಿಚಾರಿಸದೆ ಇತಿಹಾಸ ಬರೆಯಬಾರದು ಎಂದು ವಾದಿಸಿದವನು ಆತ. ಅವನ ಹುಟ್ಟೂರು ಆರ್ಕೇಡಿಯಾ ಪ್ರಾಂತ್ಯದಲ್ಲಿತ್ತು. ಈ ಹೆಸರನ್ನು ಆರಿಸಿದವರು ತಿಳಿದೇ ಆರಿಸಿರಬೇಕು.

ಕಥೆ ಸುಳ್ಳಾದರೂ ಅದಕ್ಕೆ ಬಳಸಿದ ಎಳೆಗಳು ಸುಳ್ಳಲ್ಲ. ಪಾಲಿಬಿಯಸ್ ಅಧ್ಯಯನಯೋಗ್ಯವಾಗುವುದು ಇದೇ ಕಾರಣಕ್ಕೆ. 1981ರ ನವೆಂಬರ್‌ನಲ್ಲಿ ಪೋರ್ಟ್‌ಲ್ಯಾಂಡಿನ ಒಂದೇ ಪಾರ್ಲರಿನಲ್ಲಿ, ಒಂದೇ ದಿನ, ಇಬ್ಬರು ಹುಡುಗರು ಅಸ್ವಸ್ಥರಾದರು. ಒಬ್ಬ ಹನ್ನೆರಡರ ಬಾಲಕ. ದಾಖಲೆ ಮುರಿಯುವ ಹಟದಲ್ಲಿ ಇಪ್ಪತ್ತೆಂಟು ಗಂಟೆ ‘ಆಸ್ಟರಾಯ್ಡ್ಸ್’ ಆಡಿ ಹೊಟ್ಟೆನೋವಿನಿಂದ ಕುಸಿದ. ಇನ್ನೊಬ್ಬನಿಗೆ ‘ಟೆಂಪೆಸ್ಟ್’ ಆಡುತ್ತಿರುವಾಗ ತೀವ್ರ ತಲೆನೋವು ಬಂತು. ಟೆಂಪೆಸ್ಟ್ ಆ ವರ್ಷವಷ್ಟೇ ಅಟಾರಿ ಕಂಪನಿ ಹೊರತಂದಿದ್ದ ಆಟ. ಬಣ್ಣದ ಗೆರೆಗಳಿಂದಲೇ ಮೂಡುವ ಸುರಂಗದ ಅಂಚಿನಲ್ಲಿ ಗುಂಡಿ ತಿರುಗಿಸುತ್ತ, ಆಳದಿಂದ ಮೇಲೇರಿ ಬರುವ ಶತ್ರುಗಳನ್ನು ಸುಡಬೇಕು. ಪಾಲಿಬಿಯಸ್ ಹೇಗಿತ್ತು ಎಂದು ವರ್ಣಿಸುವವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಇದಾಗಿ ಹೆಚ್ಚು ದಿನ ಕಳೆಯುವ ಮೊದಲೇ ಕೇಂದ್ರ ಸರ್ಕಾರದ ಅಧಿಕಾರಿಗಳು ಆ ಭಾಗದ ಪಾರ್ಲರ್‌ಗಳ ಮೇಲೆ ದಾಳಿ ನಡೆಸಿದರು. ಕೆಲವು ಮಾಲೀಕರು ಯಂತ್ರಗಳನ್ನು ಜೂಜಿಗೆ ಬಳಸುತ್ತಿದ್ದಾರೆಂಬ ಅನುಮಾನವಿತ್ತು. ದಾಳಿಗೆ ಮುನ್ನ ಯಂತ್ರಗಳ ಮೇಲೆ ಕಣ್ಣಿಡಲಾಗಿತ್ತು. ಮಫ್ತಿಯಲ್ಲಿ ಬಂದವರು, ಗುರುತು ಮಾಡಿಕೊಂಡ ಯಂತ್ರಗಳು, ಕಾಯಿಲೆ ಬಿದ್ದ ಹುಡುಗರು – ಎರಡು ದಶಕಗಳ ನಂತರ ನೆನಪಿನಲ್ಲಿ ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡದ್ದು ಸಹಜವೇ.

ಕಥೆ ಹೇಳುವ ಸರ್ಕಾರದ ನಂಟೂ ಪೂರ್ತಿ ಕಲ್ಪನೆಯಲ್ಲ. 1980ರ ಟ್ಯಾಂಕ್ ಯುದ್ಧದ ಆಟ ‘ಬ್ಯಾಟಲ್‌ಝೋನ್’ ಅನ್ನು ಬ್ರಾಡ್ಲಿ ಕವಚವಾಹನದ ಗುರಿಕಾರರ ತರಬೇತಿಗೆ ಮಾರ್ಪಡಿಸಿ ಕೊಡುವಂತೆ ಅಮೆರಿಕದ ಸೇನೆಯೇ ಅಟಾರಿಯನ್ನು ಕೇಳಿತ್ತು. ಆಟ ಬರೆದ ಎಡ್ ರಾಟ್‌ಬರ್ಗ್ ವಿರೋಧಿಸಿದರೂ ಮಾದರಿ ತಯಾರಾಯಿತು. ಇತ್ತ ಮಿನುಗುವ ಪರದೆಯಿಂದ ಮೂರ್ಛೆ ಬರಬಹುದೆಂಬ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಆಗಲೇ ಬರತೊಡಗಿದ್ದವು. 1982ರಲ್ಲಿ ಇಲಿನಾಯ್ ರಾಜ್ಯದ ಹದಿನೆಂಟರ ಯುವಕನೊಬ್ಬ ‘ಬರ್ಜರ್ಕ್’ ಆಡಿದ ಸ್ವಲ್ಪ ಹೊತ್ತಿಗೆ ಹೃದಯಾಘಾತದಿಂದ ಸತ್ತ. ಅವನ ಹೃದಯ ಮೊದಲೇ ಹಾನಿಗೊಂಡಿತ್ತೆಂದು ಶವಪರೀಕ್ಷೆಯಲ್ಲಿ ಕಂಡಿತು. ಆದರೂ ಆಟವೇ ಕೊಂದಿತೆಂಬ ಮಾತು ಉಳಿದುಕೊಂಡಿತು.

ಕಪ್ಪು ಸೂಟಿನವರು ಒಯ್ಯುತ್ತಿದ್ದರೆನ್ನಲಾದ, ಯಂತ್ರದ ಒಳಗಿನ ಮಾಹಿತಿ ಎಂಬ ಅಂಶವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಆರ್ಕೇಡ್ ಯಂತ್ರದ ಕಾಸಿನ ಬಾಗಿಲಿಗೆ ಬೀಗವಿರುತ್ತದೆ. ಮಾಲೀಕನೋ ರಿಪೇರಿಯವನೋ ಅದನ್ನು ತೆರೆದು ಒಳಗಿನ ಪರೀಕ್ಷಾ ಸ್ವಿಚ್ಚನ್ನು ಒತ್ತಿದರೆ, ಆಟ ಹೋಗಿ ಲೆಕ್ಕದ ಪರದೆ ಬರುತ್ತದೆ: ಎಷ್ಟು ಕಾಸು ಬಿತ್ತು, ಎಷ್ಟು ಆಟ ನಡೆಯಿತು ಇತ್ಯಾದಿ. ಅವನು ಅದನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಪಕ್ಕದಲ್ಲಿ ಕಾಯುತ್ತ ನಿಂತ ಹುಡುಗನಿಗೆ ಆ ಅಂಕಿಗಳ ತಲೆಬುಡ ತಿಳಿಯದು. ಇಂಥ ಪರದೆಯಿಂದಲೇ ಹುಟ್ಟಿದ ಇನ್ನೊಂದು ದಂತಕಥೆ ‘ಮಾರ್ಟಲ್ ಕಾಂಬ್ಯಾಟ್’ (1992) ಆಟದ್ದು. ಅದರ ಲೆಕ್ಕದ ಪುಟದಲ್ಲಿ ‘ಅರ್ಮ್ಯಾಕ್ಸ್’ ಎಂಬ ಸಾಲಿತ್ತು. ಪ್ರೋಗ್ರಾಂ ದೋಷಗಳನ್ನು ಎಣಿಸಲು ಇಟ್ಟಿದ್ದ ಆ ಸಾಲನ್ನು ಆಟಗಾರರು ಅಡಗಿರುವ ಕೆಂಪು ನಿಂಜಾನ ಹೆಸರೆಂದು ನಂಬಿ, ಅವನನ್ನು ಹೊರಗೆ ತರಲು ಕಾಸು ಸುರಿದರು. 1995ರಲ್ಲಿ ‘ಅಲ್ಟಿಮೇಟ್ ಮಾರ್ಟಲ್ ಕಾಂಬ್ಯಾಟ್ 3’ ಬಂದಾಗ ತಯಾರಕರು ಅರ್ಮ್ಯಾಕ್‌ನನ್ನು ನಿಜವಾಗಿಯೇ ಪಾತ್ರವಾಗಿ ಸೇರಿಸಿದರು.

ಪಾಲಿಬಿಯಸ್‌ಗೂ ಆಮೇಲೆ ರೂಪ ಬಂತು. 2006ರಲ್ಲಿ ‘ದಿ ಸಿಂಪ್ಸನ್ಸ್’ ಧಾರಾವಾಹಿಯ ಒಂದು ಕಂತಿನಲ್ಲಿ, 2021ರಲ್ಲಿ ‘ಲೋಕಿ’ ಧಾರಾವಾಹಿಯಲ್ಲಿ ಅದರ ಯಂತ್ರ ಕಾಣಿಸಿಕೊಂಡಿತು. ಹವ್ಯಾಸಿಗಳು ಕಂಪ್ಯೂಟರಿಗೆ ಉಚಿತ ಆವೃತ್ತಿ ಬರೆದರು. 2017ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಇದೇ ಹೆಸರಿನ ಆಟ ತಂದವರು ಬ್ರಿಟನ್ನಿನ ಜೆಫ್ ಮಿಂಟರ್. 1994ರಲ್ಲಿ ‘ಟೆಂಪೆಸ್ಟ್’ಗೆ ‘ಟೆಂಪೆಸ್ಟ್ 2000’ ಎಂಬ ಹೊಸ ರೂಪ ಕೊಟ್ಟವರೂ ಅವರೇ.