ಹಿರಿಯರೆಂಬ ದೂತರು

ಹಳೆಯ ಗ್ರೀಕಿನಲ್ಲಿ ‘ಪ್ರೆಸ್ಬಿಸ್’ ಎಂದರೆ ವಯಸ್ಸಾದವನು, ಹಿರಿಯ. ಅದನ್ನೇ ಬಹುವಚನ ಮಾಡಿ ‘ಪ್ರೆಸ್ಬೈಸ್’ ಎಂದರೆ ರಾಯಭಾರಿಗಳು. ಊರಿಗೆ ಗಂಡಾಂತರ ಬಂದಾಗ ಮಾತು ಬಲ್ಲ ಹಿರಿಯರನ್ನು ಮುಂದೆ ಮಾಡುವ ರೂಢಿಯೇ ಅಲ್ಲಿ ಹುದ್ದೆಯ ಹೆಸರಾಯಿತು. ನಮ್ಮ ರಾಯಭಾರಿಯಲ್ಲಿ ರಾಯ ಎದ್ದು ಕಾಣುತ್ತಾನೆ. ಅಥೆನ್ಸಿನಲ್ಲಿ ದೂತರನ್ನು ಆರಿಸುತ್ತಿದ್ದದ್ದು ಜನಸಭೆ. ಇದೇ ಬೇರಿನ ‘ಪ್ರೆಸ್ಬಿಟೆರೋಸ್’ ಮುಂದೆ ಕ್ರೈಸ್ತ ಸಭೆಯ ಹಿರಿಯನಾಗಿ, ಇಂಗ್ಲಿಷಿನ ‘ಪ್ರೀಸ್ಟ್’ ಆಯಿತು.

ಕ್ರಿ.ಪೂ. 346ರಲ್ಲಿ ಅಥೆನ್ಸ್ 10 ಮಂದಿ ದೂತರನ್ನು ಮ್ಯಾಸಿಡೋನಿಯದ ದೊರೆ ಫಿಲಿಪ್‌ನ ಬಳಿಗೆ, ಪೆಲ್ಲಾ ನಗರಕ್ಕೆ ಕಳಿಸಿತು. ಎರಡು ವರ್ಷದ ಹಿಂದಷ್ಟೇ ಅವನು ಒಲಿಂಥಸ್ ನಗರವನ್ನು ಹಾಳುಗೆಡವಿದ್ದ. ದೂತರು ವಯಸ್ಸಿನ ಕ್ರಮದಲ್ಲಿ ಮಾತಾಡಿದರು. ಕೊನೆಯ ಸರದಿ, ನಲವತ್ತು ತುಂಬದ ಡೆಮಾಸ್ಥನೀಸ್‌ನದು. ಮಹಾ ವಾಗ್ಮಿ ನಾಲ್ಕು ಮಾತಾಡುವಷ್ಟರಲ್ಲಿ ತಡವರಿಸಿ ನಿಂತುಬಿಟ್ಟ. ಧೈರ್ಯ ತಂದುಕೋ ಎಂದು ಫಿಲಿಪ್‌ನೇ ಹುರಿದುಂಬಿಸಿದರೂ ಬಾಯಿ ಕಟ್ಟಿತ್ತು. ಇದನ್ನು ಹೇಳಿದವನು ಜೊತೆ ದೂತನೂ ಮುಂದೆ ಕಡುವೈರಿಯೂ ಆದ ಈಸ್ಕಿನೀಸ್. ಹಾಗಾಗಿ ಒಂದಿಷ್ಟು ಕಳೆದೇ ನಂಬಬೇಕು. ಪೂರ್ತಿ ನಿಜವಾಗಿದ್ದರೂ ಅದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ. ಊರಿನ ಅಳಿವು ಉಳಿವು ನಾಲಿಗೆಯ ಮೇಲೆ ಕೂತಾಗ ನಾಲಿಗೆ ಭಾರವಾಗದಿದ್ದರೆ ಅದೇ ವಿಚಿತ್ರ.

ಈ ಪದದ ಮನೆತನದಲ್ಲಿ ನನಗೆ ತುಂಬ ಗೌರವ ಹುಟ್ಟಿಸುವುದು ‘ಪರಪ್ರೆಸ್ಬೈಯಾ’: ದೂತನು ಎಸಗುವ ದ್ರೋಹ. ಅದಕ್ಕೊಂದು ಹೆಸರಿಟ್ಟು, ಕಾನೂನಿನಲ್ಲಿ ಅಪರಾಧವೆಂದು ಬರೆದಿಟ್ಟ ನಗರ ಅಥೆನ್ಸ್. ಮರಳಿದ ದೂತ ಲೆಕ್ಕ ಒಪ್ಪಿಸಲೇಬೇಕಿತ್ತು. ಏನು ವರದಿ ತಂದೆ, ಏನು ಸಲಹೆ ಕೊಟ್ಟೆ, ಹೇಳಿದ್ದನ್ನು ಮಾಡಿದೆಯಾ, ಲಂಚ ಮುಟ್ಟಿದೆಯಾ. ಇವುಗಳ ಜೊತೆಗೆ ಕಾಲದ ಲೆಕ್ಕವನ್ನೂ ಡೆಮಾಸ್ಥನೀಸ್ ಕೇಳಿದ. ದೂತನ ಕೈಯಲ್ಲಿ ಹಡಗಿಲ್ಲ, ಸೈನ್ಯವಿಲ್ಲ. ಇರುವುದು ಮಾತು ಮತ್ತು ದಿನಗಳು ಎಂಬುದು ಅವನ ವಾದ. ಮುಂದೆ ಆದ ಶಾಂತಿ ಒಪ್ಪಂದಕ್ಕೆ ಫಿಲಿಪ್‌ನಿಂದ ಪ್ರಮಾಣ ಮಾಡಿಸಲು ಹೋದ ದೂತರು ಪೆಲ್ಲಾದಲ್ಲಿ ವಾರಗಟ್ಟಲೆ ಸುಮ್ಮನೆ ಕೂತರು. ಅವನು ಅಷ್ಟರಲ್ಲಿ ಥ್ರೇಸ್‌ನಲ್ಲಿ ದಂಡಯಾತ್ರೆ ಮುಗಿಸಿಕೊಂಡ. ಬೇಸಿಗೆಗೆ ಥರ್ಮಾಪಿಲೀ ಕಣಿವೆ ಅವನ ವಶವಾಯಿತು, ಅಥೆನ್ಸಿನ ಮಿತ್ರರಾದ ಫೋಕಿಸ್‌ನವರು ಶರಣಾದರು.

ಕ್ರಿ.ಪೂ. 343ರಲ್ಲಿ ಈಸ್ಕಿನೀಸ್‌ನ ಮೇಲೆ ಡೆಮಾಸ್ಥನೀಸ್ ಹೊರಿಸಿದ ಪರಪ್ರೆಸ್ಬೈಯಾ ಆರೋಪದ ವಿಚಾರಣೆ ನಡೆಯಿತು. ಒಪ್ಪಂದಕ್ಕೆ ತನ್ನ ಹೆಸರು ಅಂಟಿಸಿಕೊಂಡಿದ್ದ ಫಿಲೋಕ್ರಟೀಸ್ ಅಷ್ಟರಲ್ಲೇ ಊರು ಬಿಟ್ಟು ಓಡಿದ್ದ. ಈಸ್ಕಿನೀಸ್ ಓಡಲಿಲ್ಲ, ನಿಂತು ವಾದಿಸಿದ. ಸುಮಾರು 30 ಮತಗಳ ಅಂತರದಲ್ಲಿ ಪಾರಾದನೆಂಬ ಮಾತನ್ನು ಪ್ಲುಟಾರ್ಕ್ ದಾಖಲಿಸುತ್ತಾನೆ.