ಮರಳೇ ಹೆದ್ದಾರಿಯಾಗಿದ್ದ ಕರಾವಳಿ

ಅಮೆರಿಕದ ಪಶ್ಚಿಮ ಅಂಚಿನ ಆರೆಗನ್ ರಾಜ್ಯದಲ್ಲಿ ಕಡಲಿನ ಗುಂಟ ಸುಮಾರು 600 ಕಿ.ಮೀ. ಉದ್ದದ ಸೈಕಲ್ ಮಾರ್ಗವಿದೆ. ಬೇಸಿಗೆ ಬಂತೆಂದರೆ ಡೇರೆ, ಹಾಸಿಗೆ, ಅಡುಗೆಯ ಒಲೆ ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡ ಒಂಟಿ ಸವಾರರು ಇಲ್ಲಿ ಕಾಣಸಿಗುತ್ತಾರೆ. ಬಹುತೇಕರು ಹೋಗುವುದು ಉತ್ತರದಿಂದ ದಕ್ಷಿಣಕ್ಕೆ. ಬೇಸಿಗೆಯ ಗಾಳಿ ವಾಯವ್ಯದಿಂದ ಬೀಸಿ ಬೆನ್ನು ದೂಡುತ್ತದೆ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಸಾಗುವುದರಿಂದ ಸಮುದ್ರವೂ ಸವಾರನ ಮಗ್ಗುಲಲ್ಲೇ ಇರುತ್ತದೆ. ನ್ಯೂಪೋರ್ಟಿನಿಂದ ಫ್ಲಾರೆನ್ಸಿನವರೆಗಿನ ಸುಮಾರು 80 ಕಿ.ಮೀ. ಒಂದು ದಿನದ ದುಡಿಮೆ. ನೂರು ವರ್ಷದ ಹಿಂದೆ ಇಲ್ಲಿ ಒಂದೇ ಸಮನೆ ಸಾಗುವ ರಸ್ತೆಯೇ ಇರಲಿಲ್ಲ.

ನ್ಯೂಪೋರ್ಟ್ ಬಿಡುವಾಗಲೇ ಯಕ್ವಿನಾ ಅಳಿವೆಯ ಸೇತುವೆ ಎದುರಾಗುತ್ತದೆ. ಉದ್ದ ಹೆಚ್ಚುಕಡಿಮೆ ಒಂದು ಕಿ.ಮೀ. 1936ಕ್ಕೆ ಮುಂಚೆ ಇಲ್ಲಿ ಕಡವು ದಾಟಬೇಕಿತ್ತು. ದೊಡ್ಡ ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಕೇಂದ್ರ ಸರ್ಕಾರದ ಲೋಕೋಪಯೋಗಿ ನಿಧಿಯ ನೆರವಿನಿಂದ ಈ ಕರಾವಳಿಯ ಐದು ದೊಡ್ಡ ಅಳಿವೆಗಳಿಗೆ ಸೇತುವೆಗಳಾದವು. ಐದನ್ನೂ ರೂಪಿಸಿದವರು ಎಂಜಿನಿಯರ್ ಕಾಂಡಿ ಮೆಕಲಾ. ಉಪ್ಪುಗಾಳಿಗೆ ಉಕ್ಕು ಬಾಳುವುದಿಲ್ಲವೆಂದು ಅವರು ಕಾಂಕ್ರೀಟ್ ಕಮಾನುಗಳನ್ನು ನೆಚ್ಚಿದ್ದರು. ಆದರೂ ವಾಲ್ಡ್‌ಪೋರ್ಟಿನಲ್ಲಿ ಉಪ್ಪು ಕಾಂಕ್ರೀಟಿನೊಳಗಿನ ಸರಳುಗಳನ್ನೇ ತಿಂದಿತು. 1991ರಲ್ಲಿ ಆ ಸೇತುವೆಯ ಬದಲಿಗೆ ಹೊಸದು ಬಂತು. ಇಷ್ಟು ಚೆಲುವಾದ ಸೇತುವೆಗಳನ್ನು ಕಟ್ಟಿದ ಕಾಲಕ್ಕೆ ಸೈಕಲ್ಲಿನ ನೆನಪಾಗಲಿಲ್ಲ ಎನ್ನುವುದು ಬೇಸರದ ಸಂಗತಿ. ಯಕ್ವಿನಾ ಸೇತುವೆಯ ಮೇಲೆ ಸವಾರ ಲಾರಿಗಳ ನಡುವೆ ಹೋಗಬೇಕು, ಇಲ್ಲವೇ ಇಳಿದು ಕಿರಿದಾದ ಕಾಲುದಾರಿಯಲ್ಲಿ ಸೈಕಲ್ ತಳ್ಳಬೇಕು.

ಸೇತುವೆ ದಾಟಿದ ಮೇಲೆ ವಾಲ್ಡ್‌ಪೋರ್ಟಿನ ತನಕ ಮರಳಿನ ದಂಡೆ. ಹಿಂದೆ ರಸ್ತೆಯೆಂದರೆ ಇದೇ. ಅಂಚೆ, ಪ್ರಯಾಣಿಕರನ್ನು ಹೊತ್ತ ಕುದುರೆಗಾಡಿಗಳು ಇಳಿತದ ಹೊತ್ತು ನೋಡಿಕೊಂಡು ಒದ್ದೆ ಮರಳಿನ ಮೇಲೆ ಓಡುತ್ತಿದ್ದವು. ಅದೇ ಕಾಲದಲ್ಲಿ ಸರ್ಕಾರ ಅಲ್ಲಲ್ಲಿ ತೆರೆ ತಾಗುವ ನೆಲವನ್ನು ಖಾಸಗಿಯವರಿಗೆ ಮಾರುತ್ತಲೂ ಇತ್ತು. 1913ರಲ್ಲಿ ಗವರ್ನರ್ ಓಸ್ವಾಲ್ಡ್ ವೆಸ್ಟ್ ಇದಕ್ಕೊಂದು ಜಾಣ ಉಪಾಯ ಹೂಡಿದರು. ಭರತ ಮತ್ತು ಇಳಿತದ ಗೆರೆಗಳ ನಡುವಿನ ಇಡೀ ದಂಡೆಯನ್ನು ಸಾರ್ವಜನಿಕ ಹೆದ್ದಾರಿ ಎಂದು ಸಾರುವ ಪುಟ್ಟ ಮಸೂದೆ ತಂದರು. ಹೆದ್ದಾರಿಯನ್ನು ಯಾರಿಗೂ ಮಾರುವಂತಿಲ್ಲವಲ್ಲ! ಶಾಸನಸಭೆ ಒಪ್ಪಿತು, ಕಡಲತೀರ ಉಳಿಯಿತು.

ಒಣ ಮರಳಿನ ಹಕ್ಕು ಮಾತ್ರ ಅಸ್ಪಷ್ಟವಾಗಿಯೇ ಇತ್ತು. 1966ರಲ್ಲಿ ಕ್ಯಾನನ್ ಬೀಚ್‌ನ ಹೋಟೆಲೊಂದು ತನ್ನ ಎದುರಿನ ಮರಳಿಗೆ ತಡೆ ಹಾಕಿ ಹೊರಗಿನವರನ್ನು ದೂರವಿಟ್ಟಾಗ ಜನ ಕೆರಳಿದರು. ಗವರ್ನರ್ ಟಾಮ್ ಮೆಕಾಲ್ ಹೆಲಿಕಾಪ್ಟರಿನಲ್ಲಿ ಕಡಲತೀರಕ್ಕೇ ಬಂದಿಳಿದು, ಅಳತೆಗಾರರೊಡನೆ ಗೆರೆ ಗುರುತಿಸಿ ತೋರಿಸಿದರು. 1967ರ ಕಾಯ್ದೆ ಗಿಡಗಂಟಿ ಬೆಳೆಯುವ ಗೆರೆಯವರೆಗೂ ಮರಳಿನ ಬಳಕೆ ಜನರದೆಂದಿತು. 1969ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ತಲೆಮಾರುಗಳಿಂದ ಜನ ಅಲ್ಲಿ ಓಡಾಡಿಕೊಂಡು ಬಂದ ರೂಢಿಯನ್ನೇ ಆಧಾರವಾಗಿಟ್ಟುಕೊಂಡು ಜನರ ಹಕ್ಕನ್ನು ಎತ್ತಿಹಿಡಿಯಿತು.

ಯಾಹಾಟ್ಸ್ ಊರು ದಾಟಿದರೆ ಮರಳು ಮುಗಿದು ಕರಿಬಂಡೆ ಶುರು. ಪರ್ಪೆಚುವಾ ಭೂಶಿರ ನೇರ ಕಡಲಿನಿಂದಲೇ 240 ಮೀಟರು ಎದ್ದು ನಿಂತಿದೆ. 1778ರ ಮಾರ್ಚ್ 7ರಂದು ಇದನ್ನು ಹಡಗಿನಿಂದ ಕಂಡ ಕ್ಯಾಪ್ಟನ್ ಜೇಮ್ಸ್ ಕುಕ್, ಅಂದಿನ ಹಬ್ಬದ ಸಂತಳ ಹೆಸರಿಟ್ಟ. ಸವಾರ ಚಿಕ್ಕ ಗೇರಿಗೆ ಇಳಿದು ಏದುಸಿರು ಬಿಡುತ್ತ ಹತ್ತುವ ಈ ಬಂಡೆಗಳ ಮೇಲೆ 1864ರಲ್ಲಿ ಅಮಾಂಡಾ ಎಂಬ ಕುರುಡು ಹೆಂಗಸನ್ನು ಸೈನಿಕರು ನಡೆಸಿಕೊಂಡು ಬಂದಿದ್ದರು. ಆಕೆ ಕೂಸ್ ಬುಡಕಟ್ಟಿನವಳು. ದಕ್ಷಿಣದಲ್ಲಿದ್ದ ತಮ್ಮ ನೆಲದಿಂದ ಕಿತ್ತು ತಂದವರನ್ನು ಯಾಹಾಟ್ಸಿನ ಸರ್ಕಾರಿ ಶಿಬಿರಕ್ಕೆ ಸಾಗಿಸುತ್ತಿದ್ದ ತಂಡದಲ್ಲಿ ಅವಳಿದ್ದಳು. ಅವಳ ಪಾದಗಳು ಸೀಳಿ ಹಾದಿಯುದ್ದಕ್ಕೂ ರಕ್ತ ಸುರಿದದ್ದನ್ನು ಜೊತೆಗಿದ್ದ ಸೈನಿಕ ರಾಯಲ್ ಬೆನ್ಸೆಲ್ ದಿನಚರಿಯಲ್ಲಿ ಬರೆದಿಟ್ಟ. ಶಿಬಿರ ಮುಚ್ಚಿದ್ದು 1875ರಲ್ಲಿ. ಈಗ ಭೂಶಿರದ ಕಡೆಗೆ ಹೋಗುವ ಕಾಲುದಾರಿಗೆ ಅಮಾಂಡಾಳ ಹೆಸರಿದೆ. ಇಲ್ಲಿ ಸೈಕಲ್ ನಿಲ್ಲಿಸಿ ಸ್ವಲ್ಪ ದೂರವಾದರೂ ನಡೆಯದೆ ಮುಂದೆ ಹೋದವರು ಈ ಕರಾವಳಿಯನ್ನು ಅರ್ಧವಷ್ಟೇ ಕಂಡಂತೆ.

1914ರಲ್ಲಿ ಅರಣ್ಯ ಇಲಾಖೆ ಇದೇ ಬಂಡೆಯನ್ನು ಕಡಿದು ಇಕ್ಕಟ್ಟಾದ ಹಾದಿ ಮಾಡಿತು. ಮುಂದೆ ಹೆಸೀಟಾ ಭೂಶಿರದ 1894ರ ದೀಪಸ್ತಂಭ, ಅದರ ಪಕ್ಕದಲ್ಲಿ ರೋಮನ್ನರ ನೀರುಗಾಲುವೆಯಂತೆ ಎರಡು ಅಂತಸ್ತಿನ ಕಮಾನುಗಳುಳ್ಳ 1932ರ ಸೇತುವೆ, ಸೇತುವೆಗೆ ಅಂಟಿಕೊಂಡೇ ಸುರಂಗ. ಸುರಂಗದ ಬಾಯಲ್ಲಿ ಒಂದು ಗುಂಡಿಯಿದೆ. ಸವಾರ ಅದನ್ನು ಒತ್ತಿದರೆ ಒಳಗೆ ಸೈಕಲ್ ಇದೆಯೆಂದು ವಾಹನದವರಿಗೆ ಎಚ್ಚರಿಸುವ ದೀಪ ಮಿನುಗತೊಡಗುತ್ತದೆ. ರಾತ್ರಿಗೆ ರಾಜ್ಯ ಉದ್ಯಾನಗಳಲ್ಲಿ ನಡೆದು ಬಂದವರಿಗೆ, ಸೈಕಲ್ಲಿನಲ್ಲಿ ಬಂದವರಿಗೆ ಎಂದೇ ಕಡಿಮೆ ದರದ ಡೇರೆ ಜಾಗಗಳಿವೆ.

ಇಂಥ ಕಾಳಜಿ ತಾನಾಗಿ ಹುಟ್ಟಿದ್ದಲ್ಲ. 1971ರಲ್ಲಿ ಶಾಸಕ ಡಾನ್ ಸ್ಟಾಥೋಸ್ ಮಂಡಿಸಿದ ಮಸೂದೆ ಅಂಗೀಕಾರವಾಯಿತು. ರಾಜ್ಯದ ಹೆದ್ದಾರಿ ನಿಧಿಯಲ್ಲಿ ಕನಿಷ್ಠ ಶೇ. 1ರಷ್ಟನ್ನು ಸೈಕಲ್ ಹಾಗೂ ಕಾಲುದಾರಿಗಳಿಗೆ ಖರ್ಚು ಮಾಡಬೇಕು, ರಸ್ತೆ ಕಟ್ಟುವಾಗ, ಮರುನಿರ್ಮಿಸುವಾಗ ಅವುಗಳಿಗೆ ಜಾಗ ಬಿಡಬೇಕು ಎಂಬುದು ಅದರ ತಿರುಳು. ಕರಾವಳಿಯ ಸೈಕಲ್ ಮಾರ್ಗ ರೂಪುಗೊಂಡದ್ದು ಇದಾದ ನಂತರವೇ. 1990ರ ದಶಕದಲ್ಲಿ ಪೋರ್ಟ್‌ಲ್ಯಾಂಡ್ ನಗರಾಡಳಿತ ಕ್ರೀಡಾಂಗಣವೊಂದರ ಸುತ್ತಲಿನ ರಸ್ತೆಗಳಲ್ಲಿ ಸೈಕಲ್ ಪಥ ಕೈಬಿಟ್ಟಾಗ ಸವಾರರ ಸಂಘ ಕೋರ್ಟಿಗೆ ಹೋಯಿತು. ಒಟ್ಟು ಲೆಕ್ಕದಲ್ಲಿ ಶೇ. 1 ಖರ್ಚಾಗಿದೆ, ಅಷ್ಟು ಸಾಕು ಎಂಬ ವಾದವನ್ನು ಮೇಲ್ಮನವಿ ನ್ಯಾಯಾಲಯ 1995ರಲ್ಲಿ ತಳ್ಳಿಹಾಕಿತು: ಆ ಶೇ. 1 ಎಂಬುದು ಕನಿಷ್ಠ ಮಿತಿ, ಅದನ್ನು ಮುಟ್ಟಿದ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ.